ಬ್ರೆಕ್ಸಿಟ್: ತಪ್ಪು ಮತದಾರರದಲ್ಲ, ಕಾಯ್ದೆಯದು

ಮಾನ್ಯ ಸಂಪಾದಕರೇ,

ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಸಂಗತಿ ಚರ್ಚೆಗೆ ಬಂದಾಗಲೆಲ್ಲ ನಮ್ಮಲ್ಲಿ ಎರಡೇ ಮಾತು ಕೇಳಿಬರುತ್ತವೆ. ‘ಬಹುಮತ ಬಂದಿತ್ತಲ್ಲ, ಸೋತವರು ಒಪ್ಪಿಕೊಂಡು ಸುಮ್ಮನಿರಬೇಕಿತ್ತು’ ಎಂಬುದು ಒಂದು. ‘ಸುಳ್ಳು ಹೇಳಿ ಮತ ಹಾಕಿಸಿದರು, ಅಷ್ಟು ದೊಡ್ಡ ವಿಚಾರವನ್ನು ಜನಸಾಮಾನ್ಯರ ಮುಂದೆ ಇಡಲೇಬಾರದಿತ್ತು’ ಎಂಬುದು ಇನ್ನೊಂದು. ಮೊದಲನೆಯದು ಸೋತವರನ್ನು ಹಟಮಾರಿಗಳು ಎನ್ನುತ್ತದೆ, ಎರಡನೆಯದು ಗೆದ್ದವರನ್ನು ದಡ್ಡರು ಎನ್ನುತ್ತದೆ. ಮತಗಟ್ಟೆಗೆ ಬಂದ ಮೂರು ಕೋಟಿಗೂ ಹೆಚ್ಚು ಜನರಿಗೆ ಎರಡೂ ಅನ್ಯಾಯ ಮಾಡುತ್ತವೆ. ಅವರು ಮಾಡಬೇಕಾದ ಕೆಲಸ ಮಾಡಿದರು. ಮಾಡದೆ ಬಿಟ್ಟವರು ಆ ಮತದಾನಕ್ಕೆ ಕಾಯ್ದೆ ಬರೆದವರು.

2016ರ ಜೂನ್ 23ರ ಮತಪತ್ರದಲ್ಲಿದ್ದದ್ದು ಒಂದೇ ಪ್ರಶ್ನೆ: ಯುನೈಟೆಡ್ ಕಿಂಗ್‌ಡಮ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಅಥವಾ ಒಕ್ಕೂಟವನ್ನು ಬಿಡಬೇಕೇ? ಬಿಡಬೇಕು ಎಂದವರು 1,74,10,742. ಉಳಿಯಬೇಕು ಎಂದವರು 1,61,41,241. ಶೇ 51.9 ಮತ್ತು ಶೇ 48.1. ಮತದಾನದ ಪ್ರಮಾಣ ಶೇ 72.2. ಸರ್ಕಾರ ಮೊದಲು ಬರೆದಿದ್ದ ಪ್ರಶ್ನೆಯಲ್ಲಿ ‘ಸದಸ್ಯನಾಗಿ ಉಳಿಯಬೇಕೇ?’ ಎಂದಷ್ಟೇ ಇತ್ತು, ಉತ್ತರ ಹೌದು ಅಥವಾ ಇಲ್ಲ. ಇದು ‘ಉಳಿಯುವ’ ಕಡೆಗೆ ವಾಲುತ್ತದೆಂದು ಅಲ್ಲಿನ ಚುನಾವಣಾ ಆಯೋಗ 2015ರ ಸೆಪ್ಟೆಂಬರ್‌ನಲ್ಲಿ ಆಕ್ಷೇಪಿಸಿತು, ಪ್ರಶ್ನೆಯನ್ನು ತಿದ್ದಲಾಯಿತು. ಪ್ರಶ್ನೆಯ ಒಂದೊಂದು ಪದವನ್ನೂ ಇಷ್ಟು ತೂಗಿ ನೋಡಿದವರು, ‘ಬಿಡಬೇಕು’ ಎಂಬ ಉತ್ತರ ಬಂದರೆ ಮಾರನೆಯ ದಿನ ಏನು ಮಾಡಬೇಕೆಂದು ಕಾಯ್ದೆಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ.

ಇದು ಬ್ರಿಟನ್ನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 2011ರಲ್ಲಿ ಮತ ಎಣಿಕೆಯ ಪದ್ಧತಿ ಬದಲಿಸಬೇಕೇ ಎಂದು ಜನರನ್ನು ಕೇಳಿದಾಗ, ಹೌದು ಎಂದರೆ ಹೊಸ ಪದ್ಧತಿಯನ್ನು ಜಾರಿಗೆ ತರಲೇಬೇಕೆಂದು ಅದೇ ಕಾಯ್ದೆಯಲ್ಲಿ ಬರೆದಿತ್ತು. 1979ರಲ್ಲಿ ಸ್ಕಾಟ್ಲೆಂಡಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಕೇಳಿದಾಗ, ಒಟ್ಟು ಮತದಾರರಲ್ಲಿ ಶೇ 40ರಷ್ಟು ಮಂದಿಯಾದರೂ ಹೌದು ಎನ್ನಬೇಕೆಂಬ ಷರತ್ತಿತ್ತು. ಮತ ಹಾಕಿದವರಲ್ಲಿ ಶೇ 51.6 ಮಂದಿ ಹೌದು ಎಂದರು, ಆದರೆ ಒಟ್ಟು ಮತದಾರರ ಲೆಕ್ಕದಲ್ಲಿ ಅದು ಶೇ 32.9 ಮಾತ್ರ, ಹಾಗಾಗಿ ಸಭೆ ಆಗ ಬರಲಿಲ್ಲ. ಷರತ್ತು ಸರಿಯೋ ತಪ್ಪೋ ಎಂದು ಜನ ಜಗಳವಾಡಿದರು. ಷರತ್ತು ಏನೆಂಬುದರ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ.

2016ರ ಮತದಾನಕ್ಕೆಂದು ಮಾಡಿದ 2015ರ ಕಾಯ್ದೆಯಲ್ಲಿ ಇವೆರಡೂ ಇಲ್ಲ. ಕನಿಷ್ಠ ಮಿತಿ ಇಲ್ಲ, ಜಾರಿಯ ಹೊಣೆಯೂ ಇಲ್ಲ. ಕಾನೂನಿನ ಕಣ್ಣಿಗೆ ಅದು ಸಲಹೆ. ಜನರ ಕಣ್ಣಿಗೆ ಅದು ಆಜ್ಞೆ, ಏಕೆಂದರೆ ಮನೆಮನೆಗೆ ಕಳಿಸಿದ ಕೈಪಿಡಿಯಲ್ಲಿ ಸರ್ಕಾರವೇ ‘ನಿಮ್ಮ ತೀರ್ಮಾನವನ್ನು ಜಾರಿ ಮಾಡುತ್ತೇವೆ’ ಎಂದು ಮಾತು ಕೊಟ್ಟಿತ್ತು. ಈ ಎರಡರ ನಡುವಿನ ಸಂದಿಯಲ್ಲೇ ಮೊದಲ ವ್ಯಾಜ್ಯ ಹುಟ್ಟಿತು. ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ ಹೊರಡುವ ನೋಟಿಸ್ ಕೊಡಲು ಪ್ರಧಾನಿಯ ಅಧಿಕಾರ ಸಾಕೇ, ಸಂಸತ್ತಿನ ಕಾಯ್ದೆ ಬೇಕೇ? 2017ರ ಜನವರಿ 24ರಂದು ಸುಪ್ರೀಂ ಕೋರ್ಟ್ 8–3ರ ಬಹುಮತದಿಂದ ಕಾಯ್ದೆ ಬೇಕೆಂದಿತು. ಇದಕ್ಕೂ ಮೊದಲು ಇದೇ ತೀರ್ಪು ಕೊಟ್ಟಿದ್ದ ಹೈಕೋರ್ಟ್ ನ್ಯಾಯಾಧೀಶರನ್ನು ಜನದ್ರೋಹಿಗಳೆಂದು ಬೈದವರಿದ್ದರು. ಎರಡೂ ಕೋರ್ಟುಗಳು ಮಾಡಿದ್ದು 2015ರಲ್ಲಿ ಬರೆಯದೆ ಬಿಟ್ಟ ಸಾಲನ್ನು ತುಂಬಿಕೊಡುವ ಕೆಲಸ.

ಮತದಾನ ಮುಗಿದ ಮೇಲೆ ನಿಯಮ ಹುಡುಕುವುದು ಎಷ್ಟು ನಿಷ್ಫಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಗೆದ್ದ ಪಕ್ಷಕ್ಕೆ ಶೇ 60 ಮತ ಬರದಿದ್ದರೆ ಮತ್ತು ಮತದಾನ ಶೇ 75 ಮುಟ್ಟದಿದ್ದರೆ ಮತ್ತೊಮ್ಮೆ ಕೇಳಬೇಕೆಂಬ ಮನವಿಯೊಂದು ಸಂಸತ್ತಿನ ಜಾಲತಾಣದಲ್ಲಿತ್ತು. ಫಲಿತಾಂಶ ಬಂದ ಮೇಲೆ ‘ಉಳಿಯುವ’ ಕಡೆಯವರು 40 ಲಕ್ಷಕ್ಕೂ ಹೆಚ್ಚು ಸಹಿ ಹಾಕಿದರು. ಅದನ್ನು ಮತದಾನಕ್ಕೆ ಮೊದಲೇ ಶುರುಮಾಡಿದ್ದವರು ‘ಬಿಡುವ’ ಕಡೆಯ ಬೆಂಬಲಿಗರು, ಸೋಲುವ ಅಂಜಿಕೆಯಿಂದ. ಸೋಲು ಯಾರದೆಂದು ತಿಳಿಯುವ ಮುನ್ನ ಬರೆದ ಷರತ್ತಿಗೆ ಮಾತ್ರ ಎರಡೂ ಕಡೆಯವರು ತಲೆಬಾಗುತ್ತಾರೆ.

ಯಾರು ಮತ ಹಾಕಬಹುದಿತ್ತು ಎಂಬುದರ ಬಗ್ಗೆಯೂ ನಮ್ಮ ಕನ್ನಡ ಓದುಗರಲ್ಲಿ ತಪ್ಪು ತಿಳಿವಳಿಕೆ ಇದೆ. ಬ್ರಿಟಿಷ್ ಪೌರತ್ವ ಇದ್ದವರಿಗಷ್ಟೇ ಹಕ್ಕು ಇತ್ತೆಂದು ಹಲವರು ನಂಬಿದ್ದಾರೆ. ಹಾಗಲ್ಲ. ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ, ಮತದಾರರ ಪಟ್ಟಿಯಲ್ಲಿ ಹೆಸರಿದ್ದ, 18 ತುಂಬಿದ ಕಾಮನ್‌ವೆಲ್ತ್ ಪ್ರಜೆಗಳೆಲ್ಲರೂ ಮತ ಹಾಕಬಹುದಿತ್ತು. ಎಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕನ್ನಡಿಗನಿಗೂ ಹಕ್ಕು ಇತ್ತು. ಅವನ ಪಕ್ಕದ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಫ್ರಾನ್ಸ್ ಅಥವಾ ಪೋಲೆಂಡಿನ ಪ್ರಜೆಗೆ ಇರಲಿಲ್ಲ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಹೊರದೇಶದಲ್ಲಿದ್ದ ಬ್ರಿಟಿಷ್ ಪ್ರಜೆಗಳಿಗೂ ಇರಲಿಲ್ಲ. 2014ರ ಸ್ಕಾಟ್ಲೆಂಡ್ ಮತದಾನದಲ್ಲಿ 16 ಮತ್ತು 17ರ ಹರೆಯದವರಿಗೆ ಕೊಟ್ಟ ಹಕ್ಕನ್ನು ಇಲ್ಲಿ ಕೊಡಲಿಲ್ಲ. ಎರಡೂ ಕಡೆಯ ನಡುವಿನ ಅಂತರ 12,69,501 ಮತ. ಈ ಗಾತ್ರದ ಅಂತರವಿದ್ದಾಗ ಹೊರಗುಳಿದವರು ತಮ್ಮನ್ನು ಏಕೆ ಕೇಳಲಿಲ್ಲ ಎಂದು ಕೇಳುವುದು ಸಹಜ.

ಒಂದೇ ದೇಶದೊಳಗೆ ಅಭಿಪ್ರಾಯ ಎಷ್ಟು ಸೀಳಿತ್ತು ಎನ್ನುವುದಕ್ಕೆ ಲಂಡನ್ನಿನ ಲ್ಯಾಂಬೆತ್ ನೋಡಿ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಬಸವಣ್ಣನವರ ಪುತ್ಥಳಿ ಅನಾವರಣಗೊಂಡದ್ದು ಇದೇ ಲ್ಯಾಂಬೆತ್‌ನಲ್ಲಿ. ಏಳು ತಿಂಗಳ ನಂತರ ಅಲ್ಲಿನ ಶೇ 78.6 ಮತದಾರರು ಉಳಿಯಬೇಕೆಂದರು. ಲಿಂಕನ್‌ಷೈರಿನ ಬಾಸ್ಟನ್ ಪಟ್ಟಣದಲ್ಲಿ ಶೇ 75.6 ಮಂದಿ ಬಿಡಬೇಕೆಂದರು. ಇಂಗ್ಲೆಂಡ್, ವೇಲ್ಸ್ ಬಿಡಬೇಕು ಎಂದವು. ಸ್ಕಾಟ್ಲೆಂಡಿನಲ್ಲಿ ಶೇ 62, ಉತ್ತರ ಐರ್ಲೆಂಡಿನಲ್ಲಿ ಶೇ 55.8 ಮಂದಿ ಉಳಿಯಬೇಕೆಂದರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಕ್ಕೂಟ ‘ಬಿಡುವುದು’ ಒಂದೇ ಕೆಲಸವಲ್ಲ, ಕನಿಷ್ಠ ನಾಲ್ಕು ಬಗೆಯಲ್ಲಿ ಬಿಡಬಹುದು. ನಾರ್ವೆ ಒಕ್ಕೂಟದ ಸದಸ್ಯನಲ್ಲ, ಆದರೆ ಒಂದೇ ನಿಯಮದಡಿ ಸರಕು, ಸೇವೆ, ಹಣ, ಜನ ಮುಕ್ತವಾಗಿ ಓಡಾಡುವ ಏಕ ಮಾರುಕಟ್ಟೆಯೊಳಗಿದೆ. ಒಕ್ಕೂಟದ ನಿಯಮ ಪಾಲಿಸುತ್ತದೆ, ಹಣ ಕೊಡುತ್ತದೆ, ಯುರೋಪಿನ ಜನ ಬಂದು ದುಡಿಯಲು ಬಿಡುತ್ತದೆ, ಆದರೆ ನಿಯಮ ಮಾಡುವ ಮೇಜಿನಲ್ಲಿ ಅದಕ್ಕೆ ಮತವಿಲ್ಲ. ಒಳಗೆ ಸುಂಕವಿಲ್ಲದೆ ಹೊರಗಿನ ಸರಕಿಗೆಲ್ಲ ಒಂದೇ ಸುಂಕ ಹಾಕುವ ಸುಂಕ ಒಕ್ಕೂಟದಲ್ಲಿಲ್ಲದ ಕಾರಣ ಸ್ವೀಡನ್ ಗಡಿಯಲ್ಲಿ ಅದರ ಸರಕಿಗೆ ಕಾಗದಪತ್ರ ಬೇಕು. ಟರ್ಕಿಯದು ಇದರ ತಿರುವುಮುರುವು. 1995ರ ಕೊನೆಯಿಂದ ಕೈಗಾರಿಕಾ ಸರಕಿಗೆ ಸುಂಕ ಒಕ್ಕೂಟದಲ್ಲಿದೆ, ಏಕ ಮಾರುಕಟ್ಟೆಯಲ್ಲಿಲ್ಲ. ಸುಂಕ ಇಲ್ಲದಿದ್ದರೂ ಬಲ್ಗೇರಿಯಾ ಗಡಿಯಲ್ಲಿ ಟ್ರಕ್ಕುಗಳು ಸಾಲುಗಟ್ಟುತ್ತವೆ. ಕೆನಡಾದ್ದು ಬರೀ ವ್ಯಾಪಾರ ಒಪ್ಪಂದ: ಹೆಚ್ಚಿನ ಸರಕಿಗೆ ಸುಂಕ ಇಲ್ಲ, ಉಳಿದಂತೆ ಪೂರಾ ಹೊರಗಿನ ದೇಶ. ನಾಲ್ಕನೆಯದು ಯಾವ ಒಪ್ಪಂದವೂ ಇಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ ಸಾಮಾನ್ಯ ಸುಂಕದ ಮೇಲೆ ವ್ಯವಹರಿಸುವುದು.

ಮತದಾನಕ್ಕೆ ಮುಂಚೆ ‘ಬಿಡುವ’ ಕಡೆಯ ಪ್ರಚಾರಕರಲ್ಲಿ ಬೇರೆ ಬೇರೆ ಮಾದರಿಗಳನ್ನು ಹೊಗಳಿದವರಿದ್ದರು. ವಲಸೆ ತಡೆಯಬೇಕೆಂದು ಮತ ಹಾಕಿದವನಿಗೆ ನಾರ್ವೆ ಮಾದರಿ ಮೋಸ. ಸಂಸತ್ತಿನ ಪರಮಾಧಿಕಾರ ಮರಳಲಿ, ವ್ಯಾಪಾರಕ್ಕೆ ತೊಂದರೆಯಾಗದಿರಲಿ ಎಂದವನಿಗೆ ಒಪ್ಪಂದವಿಲ್ಲದೆ ಹೊರಬೀಳುವುದು ಅನಾಹುತ. ಯುರೋಪಿನವರ ಮುಕ್ತ ಪ್ರವೇಶ ನಿಂತರೆ ದಕ್ಷಿಣ ಏಷ್ಯಾದ ಅಡುಗೆಯವರಿಗೆ ವೀಸಾ ಸಲೀಸಾಗುತ್ತದೆ ಎಂದು ಕರಿ ಹೋಟೆಲುಗಳ ಮಾಲೀಕರಿಗೆ ಹೇಳಲಾಗಿತ್ತು. ಅದನ್ನು ನಂಬಿ ಮತ ಹಾಕಿದವನೂ, ಒಟ್ಟು ವಲಸೆಯೇ ಇಳಿಯಲಿ ಎಂದು ಹಾಕಿದವನೂ ಒಂದೇ ಪೆಟ್ಟಿಗೆಗೆ ಹಾಕಿದರು. ಇಬ್ಬರ ಮತವೂ ಪ್ರಾಮಾಣಿಕ. ಇಬ್ಬರಿಗೂ ಒಟ್ಟಿಗೆ ಒದಗುವ ಬ್ರೆಕ್ಸಿಟ್ ಇರಲಿಲ್ಲ.

ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸಿದ್ದು ಮತಪತ್ರವಲ್ಲ. ಏಕ ಮಾರುಕಟ್ಟೆಯನ್ನೂ ಸುಂಕ ಒಕ್ಕೂಟವನ್ನೂ ಬಿಡುತ್ತೇವೆಂದು ಪ್ರಧಾನಿ ಥೆರೇಸಾ ಮೇ 2017ರ ಜನವರಿ 17ರಂದು ಭಾಷಣವೊಂದರಲ್ಲಿ ಪ್ರಕಟಿಸಿದರು. ಮಾರ್ಚ್ 29ರಂದು ನೋಟಿಸ್ ಕೊಟ್ಟರು. ನೋಟಿಸ್ ಕೊಟ್ಟ ಗಳಿಗೆಯಿಂದ ಎರಡು ವರ್ಷದ ಗಡಿಯಾರ ಓಡತೊಡಗುತ್ತದೆ, ಅವಧಿ ವಿಸ್ತರಿಸಬೇಕಾದರೆ ಉಳಿದ 27 ದೇಶಗಳೂ ಒಪ್ಪಬೇಕು. ಯಾವ ಬಗೆಯ ನಿರ್ಗಮನ ಬೇಕೆಂದು ಸಂಸತ್ತಿನಲ್ಲಿ ಒಮ್ಮತ ಮೂಡಿಸುವ ಮೊದಲೇ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ದೊಡ್ಡ ತಪ್ಪು. ಅಲ್ಲಿಂದಾಚೆ ಕೈಯಲ್ಲಿದ್ದ ಚೌಕಾಸಿಯ ಬಲವೆಲ್ಲ ಬ್ರಸೆಲ್ಸ್ ಪಾಲಾಯಿತು.

ಐರ್ಲೆಂಡ್ ಗಡಿಯ ವಿಚಾರದಲ್ಲಿ ಇದೆಲ್ಲ ಬಿಗಿಯಾಗಿ ಕಗ್ಗಂಟಾಯಿತು. ನಮ್ಮ ವರದಿಗಳಲ್ಲಿ ಇದು ಪೂರ್ತಿ ಬಂದದ್ದು ಕಡಿಮೆ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ಐರ್ಲೆಂಡ್ ಗಣರಾಜ್ಯ ಐರೋಪ್ಯ ಒಕ್ಕೂಟದ ಸದಸ್ಯ. ನಡುವಿನ ಗಡಿ ಸುಮಾರು 500 ಕಿಲೋಮೀಟರ್, ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ಉತ್ತರದ ಹಸುಗಳ ಹಾಲು ದಕ್ಷಿಣದ ಡೇರಿಗೆ ಹೋಗುತ್ತದೆ. ಮೂವತ್ತು ವರ್ಷದ ರಕ್ತಪಾತ 1998ರ ಶುಭ ಶುಕ್ರವಾರದ ಒಪ್ಪಂದದಿಂದ ನಿಂತ ಮೇಲೆ ಗಡಿಯ ಸೈನಿಕ ಠಾಣೆಗಳು ಹೋಗಿ, ಗಡಿ ಕಣ್ಣಿಗೆ ಕಾಣದಂತಾಗಿತ್ತು. ಸರಕು ತಪಾಸಣೆ ಇಲ್ಲದಿರಲು ಕಾರಣ ಎರಡೂ ಕಡೆ ಒಂದೇ ಸುಂಕ, ಒಂದೇ ಗುಣಮಟ್ಟದ ನಿಯಮ ಇದ್ದದ್ದು.

ಬ್ರಿಟಿಷ್ ಸರ್ಕಾರ ಮೂರು ಮಾತು ಕೊಟ್ಟಿತು: ಏಕ ಮಾರುಕಟ್ಟೆ, ಸುಂಕ ಒಕ್ಕೂಟ ಎರಡನ್ನೂ ಬಿಡುತ್ತೇವೆ, ಐರ್ಲೆಂಡಿನ ನಡುವೆ ತಪಾಸಣಾ ಗಡಿ ಬರುವುದಿಲ್ಲ, ಉತ್ತರ ಐರ್ಲೆಂಡ್ ಮತ್ತು ಬ್ರಿಟನ್ನಿನ ಉಳಿದ ಭಾಗದ ನಡುವೆಯೂ ತಪಾಸಣೆ ಬರುವುದಿಲ್ಲ. ಇವುಗಳಲ್ಲಿ ಯಾವ ಎರಡನ್ನು ಬೇಕಾದರೂ ಉಳಿಸಿಕೊಳ್ಳಬಹುದು, ಮೂರನ್ನೂ ಉಳಿಸಿಕೊಳ್ಳಲಾಗದು. ಎರಡು ಬೇರೆ ಬೇರೆ ಸುಂಕ ವ್ಯವಸ್ಥೆಗಳು ಮುಟ್ಟುವ ಕಡೆ ಎಲ್ಲೋ ಒಂದು ಕಡೆ ಸರಕನ್ನು ನೋಡಲೇಬೇಕು. ಥೇಮ್ಸ್ ದಂಡೆಯ ಸಂಸತ್ತು ಮೂರು ವರ್ಷ ಒದ್ದಾಡಿದ್ದು ಈ ಮೂರರಲ್ಲಿ ಯಾವುದನ್ನು ಮುರಿಯುವುದೆಂದು. ಮೇ ಅವರ ಒಪ್ಪಂದ ಮೊದಲನೆಯದನ್ನು ಅರ್ಧ ಮುರಿಯಿತು, ಇಡೀ ದೇಶವನ್ನು ತಾತ್ಕಾಲಿಕವಾಗಿ ಸುಂಕ ಒಕ್ಕೂಟದೊಳಗೆ ಇಡುವ ಏರ್ಪಾಡಿನ ಮೂಲಕ. ಅವರ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಅವರದ್ದು ಮೂರನೆಯದನ್ನು ಮುರಿಯಿತು. ಅದರಿಂದ ತಪಾಸಣೆ ಬೆಲ್‌ಫಾಸ್ಟ್, ಲಾರ್ನ್ ಬಂದರುಗಳಿಗೆ ಬಂತು. ಪ್ರತಿಭಟಿಸಿ, ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಅಲ್ಲಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ 2022ರ ಫೆಬ್ರುವರಿಯಲ್ಲಿ ಉತ್ತರ ಐರ್ಲೆಂಡಿನ ಪ್ರಾದೇಶಿಕ ಸರ್ಕಾರದಿಂದ ಹೊರನಡೆಯಿತು. 2023ರ ವಿಂಡ್ಸರ್ ಒಪ್ಪಂದ ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ಸಾಲು, ದಕ್ಷಿಣಕ್ಕೆ ಹೋಗಬಹುದಾದ ಸರಕಿಗೆ ಕೆಂಪು ಸಾಲು ಮಾಡಿತು. ಪ್ರಾದೇಶಿಕ ಸರ್ಕಾರ ಮತ್ತೆ ರಚನೆಯಾದದ್ದು 2024ರ ಫೆಬ್ರುವರಿಯಲ್ಲಿ. 2016ರ ಮತದಾರನಿಗೆ ಈ ಆಯ್ಕೆಯನ್ನು ಯಾರೂ ಮುಂದಿಟ್ಟಿರಲಿಲ್ಲ.

ಇಷ್ಟು ತಿಳಿದರೆ 2019ರ ಸಂಸತ್ತಿನ ಗದ್ದಲ ಹುಚ್ಚಾಟದಂತೆ ಕಾಣುವುದಿಲ್ಲ. ಜನವರಿ 15ರಂದು ಮೇ ಅವರ ಒಪ್ಪಂದ 202ಕ್ಕೆ 432 ಮತಗಳಿಂದ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಅವರದೇ ಪಕ್ಷದ 118 ಮಂದಿ ಇದ್ದರು. ಮಾರ್ಚ್‌ನಲ್ಲಿ ಇನ್ನೂ ಎರಡು ಸಲ ಸೋತಿತು. ಮಾರ್ಚ್ 27ರಂದು ಸದಸ್ಯರು ಎಂಟು ಪರ್ಯಾಯಗಳ ಮೇಲೆ ಮತ ಹಾಕಿದರು, ಒಂದಕ್ಕೂ ಬಹುಮತ ಸಿಗಲಿಲ್ಲ. ಏಪ್ರಿಲ್ 1ರಂದು ನಾಲ್ಕರ ಮೇಲೆ ಹಾಕಿದರು. ಸುಂಕ ಒಕ್ಕೂಟದ ಪ್ರಸ್ತಾವ 273–276ರಲ್ಲಿ, ಒಪ್ಪಂದವನ್ನು ಮತ್ತೆ ಜನರ ಮುಂದಿಡುವ ಪ್ರಸ್ತಾವ 280–292ರಲ್ಲಿ ಸೋತವು. ಬಿಡುವುದನ್ನು ಬೆಂಬಲಿಸಿದ ಮತಗಳು ನಾಲ್ಕು ಪಾಲಾಗಿದ್ದವು. ಉಳಿಯಬೇಕೆನ್ನುವವರಲ್ಲಿ ಅನೇಕರು, ಏಕ ಮಾರುಕಟ್ಟೆ ಅಥವಾ ಸುಂಕ ಒಕ್ಕೂಟದಲ್ಲಿ ಉಳಿಯುವ ಮೆದು ಬ್ರೆಕ್ಸಿಟ್‌ಗೂ ಒಪ್ಪದೆ ಮರುಮತದಾನಕ್ಕೇ ಕಾದು ಕುಳಿತರು. ಮೂರು ಮತದ ಅಂತರದಲ್ಲಿ ಸುಂಕ ಒಕ್ಕೂಟ ಕೈತಪ್ಪಿದ್ದಕ್ಕೆ ಅವರೂ ಹೊಣೆಗಾರರು. ಇದನ್ನು ಆ ಕಡೆಯವರು ಒಪ್ಪಿಕೊಳ್ಳುವುದು ಅಪರೂಪ.

ಮರುಮತದಾನದ ಬೇಡಿಕೆ ಪ್ರಜಾತಂತ್ರ ವಿರೋಧಿ ಎಂಬ ವಾದಕ್ಕೆ ಹುರುಳಿಲ್ಲ. ಐರ್ಲೆಂಡಿನ ಜನಮತದಲ್ಲಿ ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದ 2001ರಲ್ಲಿ ಸೋತು 2002ರಲ್ಲಿ ಗೆದ್ದಿತು, ಲಿಸ್ಬನ್ ಒಪ್ಪಂದ 2008ರಲ್ಲಿ ಸೋತು 2009ರಲ್ಲಿ ಗೆದ್ದಿತು. ಆದರೆ ಬ್ರಿಟನ್ನಿನಲ್ಲಿ ಅದು ಸುಲಭದ ಔಷಧವೂ ಆಗಿರಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂವಿಧಾನ ಅಧ್ಯಯನ ಘಟಕ 2018ರಲ್ಲಿ ಲೆಕ್ಕ ಹಾಕಿದಂತೆ, ಕಾಯ್ದೆ, ಪ್ರಶ್ನೆಯ ಪರೀಕ್ಷೆ, ಪ್ರಚಾರ ಎಲ್ಲ ಸೇರಿ ಕನಿಷ್ಠ 22 ವಾರ ಬೇಕಿತ್ತು. ಅಷ್ಟು ಹೊತ್ತಿಗೆ ಗಡಿಯಾರ ಮುಗಿಯುತ್ತಿತ್ತು, ವಿಸ್ತರಣೆ ಕೇಳಲೇಬೇಕಿತ್ತು. ಮತಪತ್ರದಲ್ಲಿ ಏನಿರಬೇಕೆಂಬುದು ಇನ್ನೂ ಕಠಿಣ. ಸರ್ಕಾರದ ಒಪ್ಪಂದ ಮತ್ತು ಉಳಿಯುವುದು ಎಂಬ ಎರಡೇ ಆಯ್ಕೆ ಕೊಟ್ಟರೆ ಒಪ್ಪಂದವಿಲ್ಲದೆ ಹೊರಡಬೇಕೆನ್ನುವವರಿಗೆ ಜಾಗವಿಲ್ಲ. ಮೂರೂ ಕೊಟ್ಟರೆ ಬಿಡುವವರ ಮತ ಎರಡಾಗಿ ಒಡೆದು, ಶೇ 40 ಪಡೆದ ‘ಉಳಿಯುವುದು’ ಗೆದ್ದುಬಿಡಬಹುದು. ಪ್ರಾಶಸ್ತ್ಯದ ಕ್ರಮದಲ್ಲಿ ಮತ ಹಾಕಿಸಿದರೆ, ಎಲ್ಲರ ಎರಡನೇ ಆಯ್ಕೆಯಾದ ಒಪ್ಪಂದ ಮೊದಲ ಸುತ್ತಿನಲ್ಲೇ ಹೊರಬೀಳಬಹುದು. ಎಣಿಕೆಯ ಪದ್ಧತಿಯೇ ಗೆಲ್ಲುವವರನ್ನು ನಿರ್ಧರಿಸುವಂತಿದ್ದಾಗ, ಆ ಫಲಿತಾಂಶವನ್ನೂ ಅರ್ಧ ದೇಶ ಒಪ್ಪುತ್ತಿರಲಿಲ್ಲ.

ಸುಳ್ಳಿನ ಆರೋಪದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂಬ, ‘ಬಿಡುವ’ ಕಡೆಯ ಪ್ರಚಾರದ ಬಸ್ ಮೇಲಿನ ಬರಹ ದಾರಿತಪ್ಪಿಸುವಂಥದು ಎಂದು ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು. ವಂತಿಗೆಯಲ್ಲಿ ಬ್ರಿಟನ್ನಿಗಿದ್ದ ರಿಯಾಯಿತಿಯ ಹಣ ಮೊದಲೇ ಕಡಿತವಾಗಿ, ನಿಜವಾಗಿ ಹೋಗುತ್ತಿದ್ದದ್ದು ವರ್ಷಕ್ಕೆ ತಕ್ಕಂತೆ ವಾರಕ್ಕೆ 25ರಿಂದ 28 ಕೋಟಿ. ಅದರಲ್ಲೂ ಒಂದು ಪಾಲು ರೈತರ ಸಹಾಯಧನದಂಥ ಬಾಬತ್ತುಗಳಲ್ಲಿ ಮರಳುತ್ತಿತ್ತು. ಇನ್ನೊಂದು ಕಡೆ, ಬಿಡುವ ತೀರ್ಮಾನವಾದ ಕೂಡಲೇ ಒಂದು ವರ್ಷದ ಆರ್ಥಿಕ ಹಿಂಜರಿತ ಬರುತ್ತದೆಂದು ಹಣಕಾಸು ಸಚಿವಾಲಯ 2016ರ ಮೇ ತಿಂಗಳಲ್ಲಿ ಹೆದರಿಸಿತ್ತು. ಅದು ಬರಲಿಲ್ಲ. ಬ್ರಿಟನ್ನಿನ ಸ್ವತಂತ್ರ ಆರ್ಥಿಕ ಮುನ್ನಂದಾಜು ಸಂಸ್ಥೆಯಾದ ಬಜೆಟ್ ಹೊಣೆಗಾರಿಕೆ ಕಚೇರಿ ಈಗ ಇಟ್ಟುಕೊಂಡಿರುವ ಅಂದಾಜು, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ 4ರಷ್ಟು ಕಡಿಮೆ ಎಂದು. ನಷ್ಟ ನಿಧಾನದ್ದು, ಒಂದೇ ದಿನದ ಕುಸಿತವಲ್ಲ.

ಸರಿಯಾಗಿ ಕೇಳುವುದು ಹೇಗೆಂದು ಬ್ರಿಟನ್ನಿಗೆ ಹೊರಗಿನವರು ಹೇಳಿಕೊಡಬೇಕಿರಲಿಲ್ಲ. 1998ರ ಮೇ 22ರಂದು ಉತ್ತರ ಐರ್ಲೆಂಡಿನ ಜನ ಶಾಂತಿ ಒಪ್ಪಂದಕ್ಕೆ ಶೇ 71ರಷ್ಟು ಒಪ್ಪಿಗೆ ಕೊಟ್ಟಾಗ, ಒಪ್ಪಂದದ ಪೂರ್ಣ ಪಠ್ಯ ಮನೆಮನೆಗೆ ತಲುಪಿತ್ತು. ಹೌದು ಎಂದರೆ ಏನಾಗುತ್ತದೆಂದು ಕೈಯಲ್ಲಿತ್ತು. ನಮ್ಮ ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ನಡೆದ ಜನಮತ ಸಂಗ್ರಹವೂ ಹಾಗೆಯೇ. ಮಹಾರಾಷ್ಟ್ರದೊಂದಿಗೆ ವಿಲೀನವೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಮುಂದುವರಿಯುವುದೋ ಎಂಬ ಎರಡೂ ಆಯ್ಕೆಗಳು ಕಣ್ಣೆದುರಿಗಿದ್ದ ವ್ಯವಸ್ಥೆಗಳು. ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಿತ್ತು. ವಿಲೀನದ ಪರವಾಗಿದ್ದ ದಯಾನಂದ ಬಾಂದೋಡಕರ್ ಸರ್ಕಾರ ಮತದಾನಕ್ಕೆ ಮೊದಲೇ ರಾಜೀನಾಮೆ ಕೊಟ್ಟಿತ್ತು. ವಿಲೀನಕ್ಕೆ 1,38,170, ವಿರುದ್ಧ 1,72,191. ಕೆಲವೇ ವಾರಗಳಲ್ಲಿ ನಡೆದ ಚುನಾವಣೆಯಲ್ಲಿ ಬಾಂದೋಡಕರ್ ಅವರ ಪಕ್ಷವೇ ಮತ್ತೆ ಗೆದ್ದಿತು, ಆದರೂ ವಿಲೀನದ ತೀರ್ಪು ತೀರ್ಪಾಗಿಯೇ ಉಳಿಯಿತು.

ಈಗ ಬ್ರಿಟನ್ನಿನ ಸಮೀಕ್ಷೆಗಳಲ್ಲಿ ಬಿಟ್ಟದ್ದು ತಪ್ಪಾಯಿತು ಎನ್ನುವವರೇ ಹಲವು ವರ್ಷಗಳಿಂದ ಹೆಚ್ಚಾಗಿದ್ದಾರೆ, ಮರಳಿ ಸೇರಬೇಕೆಂಬ ಕೂಗೂ ಇದೆ. ಆ ಕೂಗು ಹಾಕುವವರು ಒಪ್ಪಂದದ 49ನೇ ವಿಧಿಯನ್ನು ಓದಬೇಕು. ಮರುಸೇರ್ಪಡೆಗೆ ಎಲ್ಲ ಸದಸ್ಯ ದೇಶಗಳ ಒಪ್ಪಿಗೆ ಬೇಕು. 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಪಡೆದ ವಂತಿಗೆಯ ರಿಯಾಯಿತಿ, ಯೂರೋ ನಾಣ್ಯದಿಂದ ಮತ್ತು ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಷೆಂಗೆನ್ ವಲಯದಿಂದ ಸಿಕ್ಕಿದ್ದ ವಿನಾಯಿತಿ, ಇವೆಲ್ಲ ಹಳೆಯ ಸದಸ್ಯತ್ವದೊಂದಿಗೆ ಹೋದವು. ‘ಮರಳಿ ಸೇರಬೇಕೇ?’ ಎಂದಷ್ಟೇ ಕೇಳಿ ಶೇ 55 ಮಂದಿ ಹೌದು ಎಂದರೂ, ಯಾವ ನಾಣ್ಯದೊಂದಿಗೆ, ಎಷ್ಟು ವಂತಿಗೆಗೆ ಎಂಬ ಪ್ರಶ್ನೆ 2017ರ ಜಾಗದಲ್ಲೇ ನಿಂತಿರುತ್ತದೆ. ಸೇರಬೇಕೇ ಎಂಬ ಪ್ರಶ್ನೆ ಬಂದ ಎರಡು ಸಲವೂ ನಾರ್ವೆ ಮೊದಲು ಷರತ್ತುಗಳ ಮಾತುಕತೆ ಮುಗಿಸಿ, ಒಪ್ಪಂದವನ್ನು ಮುಂದಿಟ್ಟುಕೊಂಡು ಜನರನ್ನು ಕೇಳಿತು. 1972ರಲ್ಲಿ ಶೇ 53.5, 1994ರಲ್ಲಿ ಶೇ 52.2 ಮಂದಿ ಬೇಡ ಎಂದರು. 1994ರ ಅಂತರ ಹೆಚ್ಚುಕಡಿಮೆ ಬ್ರಿಟನ್ನಿನಷ್ಟೇ ಕಿರಿದು. ಆದರೆ ಬೇಡ ಎಂದರೆ ಏನೆಂದು ಮಾರನೆಯ ದಿನ ಓಸ್ಲೋದಲ್ಲಿ ಯಾರೂ ಕೇಳಬೇಕಾಗಲಿಲ್ಲ.

ಇಂತಿ,
ರಾಜ್ಯಶಾಸ್ತ್ರದ ಅಧ್ಯಾಪಕ
ಧಾರವಾಡ